ವಾಪಸ್ ಟ್ರಿಪ್

"ಬರ್ಲಿ, ಬರ್ಲಿ... ಇನ್ನೂ ಬರ್ಲಿ... ಹೋಲ್ಡ್!"

ವ್ಯಾನಿನ ಹಿಂಬಾಗಿಲನ್ನು ಅಂಗೈಯಿಂದ ಬಡಿದು ವಿಶಲ್ ಮಾಮ ಪಕ್ಕಕ್ಕೆ ಸರಿದ. ಹೆಣ ಒಯ್ಯುವ ವ್ಯಾನು ಆ ಸಂದಿಯೊಳಗೆ ಹಿಮ್ಮುಖವಾಗಿ ಬರಬೇಕಾದರೆ ಎರಡೂ ಬದಿಯ ಗೋಡೆಗೆ ಗೇಣು ಜಾಗವಷ್ಟೇ ಉಳಿಯುತ್ತಿತ್ತು. ವ್ಯಾನಿನವನು ಹೊಸಬ, ಬೆವರುತ್ತಿದ್ದ. "ಗಾಬರಿ ಆಗಬೇಡಪ್ಪ. ಒಳಗೆ ಮಲಗಿರೋರು ಇದೇ ಸಂದೀಲಿ ಬಸ್ಸನ್ನೇ ತಿರುಗಿಸಿದೋರು," ಎಂದು ಮಾಮ ಧೈರ್ಯ ಹೇಳಿದ. ಶುದ್ಧ ಸುಳ್ಳು. ಆ ಸಂದಿಗೆ ಬಸ್ಸು ಬಂದದ್ದೇ ಇಲ್ಲ. ಆದರೆ ಸತ್ತವರ ಲೆಕ್ಕಕ್ಕೆ ಇಂಥದ್ದೊಂದು ಸೇರಿಸಿದರೆ ಯಾರ ಗಂಟೂ ಹೋಗುವುದಿಲ್ಲ.

ಸತ್ತವನು ಹನ್ನೊಂದನೇ ನಂಬರ್ ಬಸ್ಸಿನ ಡ್ರೈವರು. ಮಾಮ ಅದೇ ಬಸ್ಸಿನ ಕಂಡಕ್ಟರು. ಇಬ್ಬರೂ ನಿವೃತ್ತರಾಗಿ ಬಹಳ ಕಾಲವಾಗಿತ್ತು. ಆದರೂ ಮಾಮನ ಕೊರಳಲ್ಲಿ ವಿಶಲ್ ನೇತಾಡುವುದು ತಪ್ಪಿರಲಿಲ್ಲ, ಮಕ್ಕಳು ಇಟ್ಟ ಹೆಸರೂ ತಪ್ಪಿರಲಿಲ್ಲ.

ವ್ಯಾನಿಗೂ ಗೋಡೆಗೂ ನಡುವೆ ಅಡ್ಡಡ್ಡವಾಗಿ ನುಸುಳಿಕೊಂಡು ಡ್ರೈವರನ ಮಗಳು ಬಂದಳು. ತನ್ನ ರಿಪೇರಿ ಅಂಗಡಿಯಿಂದ ಹಾಗೇ ಎದ್ದು ಬಂದವಳು. ಬೆರಳ ತುದಿಗೆ ಜಿಪ್ಪಿಗೆ ಉಜ್ಜುವ ಮೇಣ ಇನ್ನೂ ಅಂಟಿಕೊಂಡಿತ್ತು. ಬಾಗಿಲಲ್ಲಿ ಅವಳ ಅಣ್ಣ ನಿಂತಿದ್ದ. ಅವನ ಒಂದು ಕೈ ಬಾಗಿಲ ಚೌಕಟ್ಟಿನ ಮೇಲಿತ್ತು.

"ಒಳಗೆ ಹೋಗು. ಮುಖ ನೋಡು. ಅದಕ್ಕೆ ನಾನು ಅಡ್ಡ ಬರಲ್ಲ," ಎಂದ ಅಣ್ಣ, ದನಿ ತಗ್ಗಿಸಿ. "ಆದ್ರೆ ವ್ಯಾನ್ ಹತ್ತೋದು ಬೇಡ."

"ಯಾಕೆ?"

"ಜಾಗ ಇಲ್ಲ."

"ಜಾಗ ಇಲ್ವಾ, ನಾನು ಬೇಡ್ವಾ?"

"ಎರಡೂ ಅಂತಿಟ್ಕೋ. ನಾನೇನು ಹೊಸದಾಗಿ ಹೇಳ್ತಿಲ್ಲ. ಅಪ್ಪನೇ ನಿನ್ನ ಕೈಬಿಟ್ಟಿದ್ದು. ನೀನೇ ಕಿವಿಯಾರೆ ಕೇಳಿದೀಯ."

ಹೌದು, ಕೇಳಿದ್ದಳು. ಇಲ್ಲ ಎನ್ನುವುದು ಹೇಗೆ? ಅಣ್ಣ ಕೈ ತೆಗೆದ. ಅವಳು ಒಳಗೆ ಹೋದಳು.

ಅಪ್ಪ ನಡುಮನೆಯ ಮಂಚದ ಮೇಲಿದ್ದ. ತಲೆಯ ಹತ್ತಿರ ಅಮ್ಮ, ಗೋಡೆಗೆ ಒರಗಿ ಪಕ್ಕದ ಮನೆಯ ಅಜ್ಜಿ. ಮಗಳು ಮೊದಲು ನೋಡಿದ್ದು ಅಪ್ಪನ ಕೆನ್ನೆಗಳನ್ನು. ಲಕ್ವ ಹೊಡೆದ ಮೇಲೆ ಅಪ್ಪ ಬಲಗೆನ್ನೆ ಮಾತ್ರ ಬೋಳಿಸಿಕೊಂಡು ಕನ್ನಡಿ ಕೆಳಗಿಡುತ್ತಿದ್ದ. ಎಡಗೆನ್ನೆ ಕಾಡು ಬೆಳೆದಂತೆ ಇರುತ್ತಿತ್ತು. ಇವತ್ತು ಎರಡೂ ನುಣುಪಾಗಿದ್ದವು. ಅಣ್ಣನೇ ಬೆಳಿಗ್ಗೆ ಕೂತು ಬೋಳಿಸಿರಬೇಕು. ಅವನ ಮೇಲಿನ ಸಿಟ್ಟು ಒಂದು ಗಳಿಗೆ ಎಲ್ಲಿ ಹೋಗಬೇಕೆಂದು ತಿಳಿಯದೆ ನಿಂತಿತು.

ಅವಳು ಮಂಚದ ಎಡಕ್ಕೆ, ಅಪ್ಪನ ಎಡಗೈ ಪಕ್ಕ, ನೆಲದ ಮೇಲೆ ಕೂತಳು.

"ಈ ಕಡೆ ಬಾರೇ. ಅಲ್ಲಿ ಓಡಾಡೋರ ಕಾಲಿಗೆ ಸಿಗ್ತೀಯ," ಎಂದಳು ಅಜ್ಜಿ.

"ಇಲ್ಲೇ ಸರಿ ಅಜ್ಜಿ. ಇದು ನನ್ನ ಜಾಗ."

*

ಅವಳಿಗೂ ಅಪ್ಪನಿಗೂ ಮಾತು ನಿಂತದ್ದು ಎಡಗಡೆಯ ಒಂದು ಕನ್ನಡಿಯಿಂದ.

ಆಗ ಅವಳಿನ್ನೂ ಹೊಲಿಗೆ ಕಲಿಯಲು ಹೋಗುತ್ತಿದ್ದಳು. ದಿನವೂ ಅಪ್ಪನ ಬಸ್ಸಿನಲ್ಲೇ, ಎಂಜಿನ್ ಪಕ್ಕದ ಬಿಸಿ ಸೀಟಿನಲ್ಲೇ. ಅಪ್ಪ ಸೀಟಿಗೆ ಟವಲು ಹಾಸಿ, ಒಮ್ಮೆ ಕೆಮ್ಮಿ, ಗೇರು ಹಾಕುವುದನ್ನು ನೋಡುವುದೇ ಅವಳಿಗೊಂದು ಸಂಭ್ರಮ. ಆ ದಿನ ಪೋಸ್ಟಾಫೀಸ್ ಸ್ಟಾಪಿನಿಂದ ಬಸ್ಸು ಹೊರಟಿತು. ಎಡಗಡೆಯಿಂದ ಒಬ್ಬ ಸೈಕಲ್ಲಿನವನು ಮುಂದೆ ನುಗ್ಗಿದ. ಸೈಕಲ್ಲು ಚಕ್ರದಡಿ ಹೋಯಿತು. ಅವನ ಪ್ರಾಣ ಉಳಿಯಿತು, ಕಾಲು ಮುರಿಯಿತು.

ಡಿಪೋದಲ್ಲಿ ವಿಚಾರಣೆ ನಡೆಯಿತು. ಮೇಜಿನಾಚೆ ಕೂತ ಅಧಿಕಾರಿ ಮೊದಲು ಕಂಡಕ್ಟರನ್ನು ಕೇಳಿದ. ಮಾಮ, "ನಾನು ಹಿಂದೆ ಟಿಕೆಟ್ ಹರೀತಿದ್ದೆ ಸಾರ್," ಎಂದು ಜಾರಿಕೊಂಡ. ಮುಂದಿನ ಸೀಟಿನಲ್ಲಿದ್ದವಳು ಮಗಳೊಬ್ಬಳೇ.

"ಹೊರಡೋ ಮುಂಚೆ ನಿಮ್ಮ ತಂದೆ ಎಡಗಡೆ ಕನ್ನಡಿ ನೋಡಿದ್ರಾ?"

ಅಪ್ಪ ಆಗಲೇ ಬರೆದು ಕೊಟ್ಟಿದ್ದ, ನೋಡಿದೆ ಎಂದು. ಅವಳು ಅಪ್ಪನ ಮುಖ ನೋಡಿದಳು. ಅಪ್ಪ ಕಿಟಕಿ ನೋಡುತ್ತಿದ್ದ. ಸೈಕಲ್ಲಿನವನು ಕಾಲಿಗೆ ಪಟ್ಟಿ ಕಟ್ಟಿಕೊಂಡು ಬೆಂಚಿನ ಮೇಲೆ ಕೂತಿದ್ದ. ಅವನ ಹೆಂಡತಿ ಅವಳನ್ನೇ ನೋಡುತ್ತಿದ್ದಳು.

"ಇಲ್ಲ," ಎಂದಳು. "ನೋಡಲಿಲ್ಲ."

ಅಪ್ಪನನ್ನು ಬಸ್ಸಿನಿಂದ ಇಳಿಸಿ ಕೆಲಕಾಲ ಬಸ್ಸು ತೊಳೆಯುವ ಶೆಡ್ಡಿಗೆ ಹಾಕಿದರು. ಸ್ಟೇರಿಂಗ್ ಹಿಡಿದ ಕೈಗೆ ಪೈಪು ಬಂತು. "ಊರಿಗೆ ಉಪಕಾರಿ, ಮನೆಗೆ ಮಾರಿ," ಎಂದ ಅಣ್ಣ. ಅಪ್ಪ ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. "ಅವಳಿಗೆ ಊಟ ಹಾಕು," "ಅವಳಿಗೆ ಲೈಟ್ ಆರಿಸೋಕೆ ಹೇಳು," ಎಂದು ಎದುರಿಗಿದ್ದವಳಿಗೇ ಹೇಳುವ ಮಾತನ್ನು ಅಮ್ಮನ ಕೈಲಿ ಕಳಿಸತೊಡಗಿದ. ಕೊನೆಗೆ ಅವಳೇ ಮನೆ ಬಿಟ್ಟಳು. ಬ್ಯಾಗು, ಸೂಟ್‌ಕೇಸು, ಜಿಪ್ಪು ರಿಪೇರಿ ಮಾಡುವ ಅಂಗಡಿ ಇಟ್ಟಳು, ಅದೂ ಹನ್ನೊಂದನೇ ನಂಬರ್ ಬಸ್ಸು ಹಾಯುವ ಬೀದಿಯಲ್ಲಿ. ಬಾಡಿಗೆ ಕಡಿಮೆ ಎಂದಳು. ಊರಲ್ಲಿ ಬಾಡಿಗೆ ಕಡಿಮೆಯಿರುವ ಬೀದಿ ಅದೊಂದೇ ಏನಲ್ಲ.

ಅಪ್ಪ ಮತ್ತೆ ಬಸ್ಸು ಹತ್ತಿದ ಮೇಲೆ ಡಿಪೋದಿಂದ ಹೋಗುವಾಗಲೆಲ್ಲ ಅವಳ ಅಂಗಡಿ ಬಸ್ಸಿನ ಎಡಕ್ಕೆ ಬರುತ್ತಿತ್ತು. ಅವಳು ಮಿಷನ್ ನಿಲ್ಲಿಸಿ ನೋಡುತ್ತಿದ್ದಳು. ಅಪ್ಪ ಒಂದು ದಿನವೂ ತಲೆ ತಿರುಗಿಸಲಿಲ್ಲ. ಆಮೇಲೆ ಅವಳೂ ನೋಡುವುದನ್ನು ಬಿಟ್ಟಳು. ಬಸ್ಸಿನ ಸದ್ದು ಕೇಳಿದರೆ ತಲೆ ತಗ್ಗಿಸಿ ಹೊಲಿಯುವುದನ್ನು ರೂಢಿ ಮಾಡಿಕೊಂಡಳು.

*

ಲಕ್ವ ಹೊಡೆದ ಸುದ್ದಿ ಕೇಳಿ ಅವಳು ಓಡಿ ಬಂದಾಗ ಮಂಚದ ಬಲಗಡೆಯ ಕುರ್ಚಿಯಲ್ಲಿ ಅಣ್ಣ ಕೂತಿದ್ದ. ಎಡಗಡೆಯ ಕುರ್ಚಿ ಖಾಲಿಯಿತ್ತು.

"ಕಣ್ಣು ಚೆನ್ನಾಗೇ ಇದೆ," ಎಂದಿದ್ದರು ಡಾಕ್ಟರು. "ಎಡಗಡೆ ಅಂತ ಒಂದು ಇದೆ ಅನ್ನೋದನ್ನ ಮಿದುಳು ಬಿಟ್ಟುಬಿಟ್ಟಿದೆ. ಆ ಕಡೆ ಕೂತು ಮಾತಾಡಿಸ್ತಾ ಇರಿ. ತಿರುಗಿ ನೋಡೋದನ್ನ ಮತ್ತೆ ಕಲೀಬಹುದು."

ಅಪ್ಪ ತಟ್ಟೆಯ ಬಲಗಡೆಯ ಅನ್ನ ಮಾತ್ರ ತಿಂದು, ಇನ್ನೂ ಹಸಿವು, ಬಡಿಸಲಿಲ್ಲ ಎಂದು ರೇಗುತ್ತಿದ್ದ. ಅಮ್ಮ ತಟ್ಟೆಯನ್ನು ಅರ್ಧ ಸುತ್ತು ತಿರುಗಿಸಿದರೆ, "ಈಗ ಬಡಿಸಿದೆಯಾ?" ಎಂದು ಉಳಿದದ್ದನ್ನು ತಿನ್ನುತ್ತಿದ್ದ. ತನ್ನ ಎಡಗೈಯೇ ಅವನಿಗೆ ಯಾರದೋ ಕೈ. ಅಂಥದ್ದರಲ್ಲಿ ಎಡಗಡೆ ಕೂತ ಮಗಳು ಯಾವ ಲೆಕ್ಕ? "ಅಪ್ಪಾ," ಎಂದು ಅವಳು ಕರೆದರೆ ಅವನು ಬಲಕ್ಕೆ ತಿರುಗಿ, "ಏನೋ?" ಎಂದು ಮಗನನ್ನು ಕೇಳುತ್ತಿದ್ದ.

ಬಲಗಡೆಗೆ ಬಂದು ನಿಂತರೆ ಮುಗಿದಿತ್ತು. ಎದುರಿಗೇ ಕಾಣುತ್ತಿದ್ದಳು. ಆದರೆ ಕಂಡ ಮೇಲೆ ಅಪ್ಪ ಮುಖ ತಿರುಗಿಸಿಬಿಟ್ಟರೆ? ಎಡಗಡೆ ಇರುವಷ್ಟು ಹೊತ್ತು ಅವನು ನೋಡದಿರುವುದಕ್ಕೆ ಕಾಯಿಲೆ ಕಾರಣ. ಬಲಗಡೆ ಹೋದರೆ ಕಾರಣ ತಾನೇ. ಆ ಧೈರ್ಯ ಅವಳಿಗೆ ಬರಲಿಲ್ಲ. ದಿನವೂ ಅಂಗಡಿ ಮುಚ್ಚಿ ಬಂದು ಎಡಗಡೆಯ ಕುರ್ಚಿಯಲ್ಲೇ ಕೂತಳು.

"ಎಡಗಡೆ ನೋಡಲಿಲ್ಲ ಅಂದಿದ್ದೆಯಲ್ಲ. ಈಗ ನಿಜವಾಗ್ಲೂ ನೋಡಲ್ಲ. ಹೊಟ್ಟೆ ತಣ್ಣಗಾಯ್ತಾ?" ಎಂದ ಅಣ್ಣ ಒಂದು ಸಂಜೆ. ಅವಳು ಮನೆಗೆ ಹೋಗಿ ಅತ್ತಳು.

ವ್ಯಾಯಾಮ ಮಾಡಿಸಲು ಬರುತ್ತಿದ್ದ ಮೇಡಂ, ಅವರಿಗೆ ಇಷ್ಟವಾದದ್ದರ ಬಗ್ಗೆ ಮಾತಾಡಿಸಿ ಎಂದಿದ್ದರು. ಹಾಗಾಗಿ ಒಂದು ದಿನ ಅಣ್ಣ ಕೇಳಿದ: "ಅಪ್ಪಾ, ಕಣ್ಣು ಮುಚ್ಚು. ಡಿಪೋದಿಂದ ಬಸ್ಸು ತೆಗಿ ನೋಡೋಣ. ದಾರೀಲಿ ಏನೇನಿದೆ?"

ಅಪ್ಪನ ಮುಖ ಅರಳಿತು. ಕಣ್ಣು ಮುಚ್ಚಿದ. ಬಲಗೈ ಗಾಳಿಯಲ್ಲಿ ಸ್ಟೇರಿಂಗ್ ಹಿಡಿಯಿತು.

"ಗೇಟು ಆಯ್ತು. ಹಿಟ್ಟಿನ ಗಿರಣಿ. ಕನ್ನಡಕದ ಅಂಗಡಿ, ಅವನ ಬೋರ್ಡು ಯಾವಾಗ್ಲೂ ಸೊಟ್ಟ. ಸೈಕಲ್ ಶಾಪು. ಬ್ಯಾಟರಿ ಅಂಗಡಿ, ನಮ್ಮ ಮಗಂದು..."

ಅಣ್ಣ ನಕ್ಕ. ಎಡಗಡೆಯ ಕುರ್ಚಿಯಲ್ಲಿ ಅವಳು ಮುಂದಕ್ಕೆ ಬಾಗಿದಳು. ಬ್ಯಾಟರಿ ಅಂಗಡಿ ದಾಟಿದರೆ ಮುಂದಿನದು ಅವಳದೇ, ರಸ್ತೆಯ ಎದುರು ಬದಿಗೆ.

"ಟಿಂಬರ್ ಯಾರ್ಡು. ಗಾಜಿನ ಫ್ಯಾಕ್ಟರಿ. ಇಳೀರಿ, ಇಳೀರಿ, ಲಾಸ್ಟ್ ಸ್ಟಾಪು."

ಅಣ್ಣ ಅವಳನ್ನು ನೋಡಿದ, ಆಮೇಲೆ ಅಪ್ಪನ ಕಿವಿಯ ಹತ್ತಿರ ಬಗ್ಗಿದ.

"ಬ್ಯಾಟರಿ ಅಂಗಡಿಗೂ ಟಿಂಬರ್ ಯಾರ್ಡಿಗೂ ಮಧ್ಯ ಏನೂ ಇಲ್ವಾ ಅಪ್ಪ?"

ಅಪ್ಪ ಕಣ್ಣು ಮುಚ್ಚಿಕೊಂಡೇ ಯೋಚಿಸಿದ. "ಏನಿದೆ? ಏನೂ ಇಲ್ಲ."

ಅವಳು ಎದ್ದು ಹೊರಟಳು. ಗೇಟಿನವರೆಗೆ ಅಣ್ಣ ಹಿಂದೆಯೇ ಬಂದ. "ಕಣ್ಣಿಗೆ ಕಾಣಲ್ಲ ಅಂತ ಇಷ್ಟು ದಿನ ಒಂದು ನೆಪ ಇತ್ತು. ಕಣ್ಣು ಮುಚ್ಚಿಕೊಂಡ್ರೂ ನೀನಿಲ್ಲ. ನೆನಪಲ್ಲಿ ಯಾವ ಎಡ, ಯಾವ ಬಲ?"

ಅವತ್ತಿನಿಂದ ಅವಳು ಬರಲಿಲ್ಲ.

*

"ಹೊತ್ತಾಯ್ತು. ಎತ್ತೋಣ," ಎಂದ ಅಣ್ಣ.

ಅಮ್ಮ ಅಪ್ಪನ ಹಣೆಯ ಮೇಲೆ ಕೈಯಿಟ್ಟಳು. ವಿಶಲ್ ಮಾಮ ತಲೆಯ ಕಡೆ ಬಂದು ತೋಳು ಮಡಿಸಿಕೊಂಡ. ಸುತ್ತ ನೋಡಿ, "ಬಾಮ್ಮ, ನೀನು ಮೊದ್ಲು ಹೋಗಿ ವ್ಯಾನಲ್ಲಿ ಕೂತ್ಕೋ," ಎಂದ.

"ನಾನು ಬರಲ್ಲ ಮಾಮ."

"ಬರಲ್ಲ ಅಂದ್ರೆ?"

"ಅವಳ ವಿಷಯ ಆಮೇಲೆ. ನೀವು ಎತ್ತಿ ಮಾಮ," ಎಂದ ಅಣ್ಣ.

ಮಾಮ ಎತ್ತಲಿಲ್ಲ. ಮಂಚದ ಅಂಚಿಗೆ ಕೂತುಬಿಟ್ಟ. "ಬಾಗಿಲಲ್ಲಿ ಒಬ್ಬರು ನಿಂತಿರುವಾಗ ನಾನು ಯಾವತ್ತೂ ವಿಶಲ್ ಊದಿದೋನಲ್ಲ. ಏನು ಅಂತ ಹೇಳಿ."

ಹೊರಗೆ ವ್ಯಾನಿನವನು ಎಂಜಿನ್ ಆರಿಸಿದ. ಮಗಳು ನೆಲ ನೋಡುತ್ತ ಹೇಳಿದಳು. ದಾರಿಯ ಅಂಗಡಿಗಳನ್ನೆಲ್ಲ ಹೇಳಿದ್ದು, ತನ್ನದನ್ನು ಬಿಟ್ಟದ್ದು, ಕೇಳಿದರೂ ಏನೂ ಇಲ್ಲ ಎಂದದ್ದು. ಒಂದನ್ನೂ ಬಿಡದೆ ಪೂರ್ತಿ ಹೇಳಿದಳು.

ಮಾಮ ಹುಬ್ಬು ಗಂಟಿಕ್ಕಿದ. "ಯಾವ ಟ್ರಿಪ್ಪು?"

"ಅಂದ್ರೆ?"

"ಹೋಗೋದಾ, ಬರೋದಾ?"

"ಡಿಪೋದಿಂದ ಹೋಗೋದು."

"ನೀರಿನ ಟ್ಯಾಂಕ್ ಹೇಳಿದ್ರಾ?"

ಅಣ್ಣ ಬಾಗಿಲ ಕಡೆ ನೋಡಿದ.

"ಪೋಸ್ಟಾಫೀಸು? ಹುಡುಗೀರ ಸ್ಕೂಲು? ದಿನಾ ಅಲ್ಲಿ ಹಾರನ್ ಹೊಡೆದು ಹೊಡೆದು ಸುಸ್ತಾಗೋದು ನಮಗೆ. ಹೇಳಿದ್ರಾ?"

"ಟ್ಯಾಂಕ್ ಹೇಳಲಿಲ್ಲ," ಎಂದಳು ಅಮ್ಮ. ಬೆಳಗಿನಿಂದ ಅವಳು ಆಡಿದ ಮೊದಲ ಮಾತು ಅದು. "ಸ್ಕೂಲೂ ಹೇಳಲಿಲ್ಲ."

"ಇಡೀ ಊರಿಗೇ ಕಾಣೋ ಟ್ಯಾಂಕು! ಅದರ ಮೇಲೂ ಮುನಿಸ್ಕೊಂಡು ಬಿಟ್ರಾ?" ಮಾಮ ಮಗಳ ಕಡೆ ತಿರುಗಿದ. "ಹೋಗೋವಾಗ ಅವೆಲ್ಲ ಎಡಕ್ಕೆ ಬರೋವು ಕಣಮ್ಮ. ನಿನ್ನ ಅಂಗಡೀನೂ ಎಡಕ್ಕೆ. ನೀವೆಲ್ಲ ಇವಳ ಹೆಸರು ಬರುತ್ತಾ ಅಂತ ಕಿವಿ ನೆಟ್ಟು ಕೂತಿದ್ರಿ. ಅರ್ಧ ಬೀದಿ ಬಿಟ್ಟುಹೋಗಿದ್ದು ಒಬ್ಬರಿಗೂ ಗೊತ್ತಾಗಲಿಲ್ಲ."

"ಕಣ್ಣು ಮುಚ್ಚಿದ್ರು ಮಾಮ," ಎಂದಳು ಅವಳು. "ನೋಡ್ತಿರಲಿಲ್ಲ. ನೆನಪಿಂದ ಹೇಳ್ತಿದ್ರು."

"ನನ್ನ ಎದುರೂ ಒಂದ್ಸಲ ಹೀಗೇ ಬಿಟ್ಟು ಹೇಳಿದ್ರು. ವ್ಯಾಯಾಮದ ಮೇಡಂಗೆ ನಾನೂ ಅದನ್ನೇ ಕೇಳಿದೆ. ಅವ್ರು ಹೇಳಿದ್ರು, ತಲೆಯೊಳಗೆ ಒಂದು ನಕ್ಷೆ ಇರುತ್ತಂತೆ. ಕಣ್ಣು ಬಿಟ್ಟು ನೋಡೋಕೂ ಅದೇ, ಕಣ್ಣು ಮುಚ್ಚಿ ಯೋಚನೆ ಮಾಡೋಕೂ ಅದೇ. ನೆನಪು ಅಂದ್ರೆ ಅದೇ ಬೀದೀಲಿ ಮತ್ತೊಂದ್ಸಲ ಹೋಗಿ ಬರೋದು. ಆ ನಕ್ಷೇಲೇ ಎಡಗಡೆ ಕರೆಂಟ್ ಹೋಗಿದೆ. ಕತ್ತಲಾದ್ರೆ ಅಂಗಡಿ ಕಾಣಲ್ಲ. ಹಾಗಂತ ಅಂಗಡಿ ಇಲ್ಲ ಅಂತಲ್ಲ."

ಪಕ್ಕದ ಮನೆಯ ಅಜ್ಜಿ ನಿಟ್ಟುಸಿರು ಬಿಟ್ಟಳು. "ತಟ್ಟೆ ತಿರುಗಿಸಿದ್ರೆ ಉಳಿದ ಅನ್ನ ಸಿಕ್ತಿತ್ತಲ್ಲ, ಹಾಗೆ," ಎಂದಳು.

"ಹಾಗೇ ಅಜ್ಜಿ. ನಾನೂ ತಿರುಗಿಸಿದೆ." ಮಾಮ ಮಗಳ ಕಡೆ ಕೈ ತೋರಿಸಿದ. "ಇವಳು ಬರೋದು ನಿಂತ ಮೇಲೆ ಒಂದು ದಿನ ನಾನು ನೋಡೋಕೆ ಬಂದಿದ್ದೆ. ಇವಳ್ಯಾಕೆ ಬರ್ತಿಲ್ಲ ಅಂತ ನನಗೆ ಯಾರೂ ಹೇಳಲಿಲ್ಲ. ಸುಮ್ಮನೆ ಹೊತ್ತು ಕಳೆಯೋಕೆ, 'ಗುರುಗಳೇ, ಗಾಜಿನ ಫ್ಯಾಕ್ಟರಿಯಿಂದ ವಾಪಸ್ ಟ್ರಿಪ್ ಹೊಡೀರಿ' ಅಂದೆ. ಕಣ್ಣು ಮುಚ್ಚಿ ಹೊರಟರು. ಟಿಂಬರ್ ಯಾರ್ಡೇ ಬರಲಿಲ್ಲ. ಸೀದಾ ಇವಳ ಅಂಗಡಿ. 'ಇಲ್ಲಿ ಸ್ವಲ್ಪ ನಿಧಾನ' ಅಂದ್ರು. 'ಮಗಳು ಬಾಗಿಲಲ್ಲೇ ಮಿಷನ್ ಹಾಕ್ಕೊಂಡು ಕೂತಿರ್ತಾಳೆ. ಬಗ್ಗಿಸಿದ ತಲೆ ಎತ್ತಲ್ಲ. ಥೇಟ್ ನನ್ನ ಹಾಗೇ ಮೊಂಡಿ' ಅಂದ್ರು."

ಅವಳು ಮಾಮನನ್ನೇ ನೋಡುತ್ತಿದ್ದಳು.

"ಅದು ಹೊಸದೇನಲ್ಲ. ಸರ್ವಿಸ್ ಮುಗಿಯೋವರೆಗೂ ಬರೋ ಟ್ರಿಪ್ಪಲ್ಲಿ ನಿನ್ನ ಅಂಗಡಿ ಹತ್ರ ಗೇರು ಇಳಿಸೋರು. ಸ್ಟಾಪಿಲ್ಲ, ಏನಿಲ್ಲ. ಪ್ಯಾಸೆಂಜರು ನನ್ನ ಬೈಯೋರು."

"ನಾನು... ಅಲ್ಲಿ ಗುಂಡಿ ಇದೆ ಅಂದ್ಕೊಂಡಿದ್ದೆ," ಎಂದಳು ಅವಳು.

"ಬೇರೆ ಬಸ್ಸು ನಿಧಾನ ಆಗಿದ್ದು ನೋಡಿದ್ಯಾ?"

ಅವಳು ಇಲ್ಲವೆಂದು ತಲೆಯಾಡಿಸಿದಳು.

"ಇನ್ನೂ ಒಂದು ಮಾತು ಇದೆ. ಅದಾದ ಮೇಲೆ ಪೋಸ್ಟಾಫೀಸ್ ಬಂತು. ಅಲ್ಲಿ ಕೈ ನಿಂತುಬಿಡ್ತು. 'ಅವತ್ತು ನಾನು ನೋಡಲಿಲ್ಲ ಕಣಯ್ಯ ಎಡಗಡೆ. ಅವಳು ಹೇಳಿದ್ದೇ ಸರಿ' ಅಂದ್ರು." ಮಾಮ ತಲೆ ಎತ್ತಿ ಅಣ್ಣನನ್ನು ನೋಡಿದ. "ನೀನೂ ಇದ್ಯಲ್ಲಪ್ಪ. ಕಾಫಿ ಲೋಟ ಹಿಡ್ಕೊಂಡು ಇದೇ ಬಾಗಿಲಲ್ಲಿ ನಿಂತಿದ್ದೆ. ಇವಳಿಗೆ ಹೇಳಿಲ್ವಾ?"

ಎಲ್ಲರೂ ಅಣ್ಣನನ್ನು ನೋಡಿದರು. ಅಮ್ಮ ಕೂಡ.

"ಇಲ್ಲ," ಎಂದ ಅಣ್ಣ. ಆಮೇಲೆ ಒಮ್ಮೆಗೇ ಸಿಡಿದ. "ಆ ಟ್ರಿಪ್ಪಲ್ಲಿ ನನ್ನ ಅಂಗಡಿ ಬರಲಿಲ್ಲ ಮಾಮ. ಎತ್ತಿ ಕೂರಿಸಿದ್ದು ನಾನು, ತೊಳೆದಿದ್ದು ನಾನು, ಬಟ್ಟೆ ಬದಲಾಯಿಸಿದ್ದು ನಾನು. ಬ್ಯಾಟರಿ ಅಂಗಡಿ ಅನ್ನೋ ಮಾತೇ ಬಾಯಿಗೆ ಬರಲಿಲ್ಲ. ದೂರ ಕೂತವಳ ಅಂಗಡಿ ಹತ್ರ ನಿಧಾನ!"

"ಬರೋವಾಗ ನಿನ್ನದು ಎಡಕ್ಕೆ ಬರುತ್ತಪ್ಪ."

"ಗೊತ್ತು. ಮೇಡಂ ಹೇಳಿದ್ದು ನಾನೂ ಕೇಳಿಸ್ಕೊಂಡೆ. ಗೊತ್ತಿದ್ದೂ ಹೊಟ್ಟೆ ಉರೀತು. ಏನು ಮಾಡ್ಲಿ?"

ಅವಳು ಎದ್ದು ನಿಂತಳು. ಅಣ್ಣನ ಕಡೆ ಒಂದು ಹೆಜ್ಜೆ ಇಟ್ಟಳು. ಅಣ್ಣನ ಕೆನ್ನೆಗೆ ಬಾರಿಸುತ್ತಾಳೆಂದೇ ಅಜ್ಜಿ ಹೆದರಿದಳು.

"ನೀನು ಒಂದು ಮಾತು ಹೇಳಿದ್ರೆ ನಾನು ಬಲಗಡೆ ಬಂದು ನಿಲ್ತಿದ್ದೆ," ಎಂದಳು. "ಒಂದೇ ಒಂದು ಸಲ. ಅಪ್ಪ ನನ್ನ ನೋಡ್ತಿದ್ದ. ಅದನ್ನ ನೀನು ಎಲ್ಲಿಂದ ತಂದು ಕೊಡ್ತೀಯ ಈಗ?"

ಅಮ್ಮ ಕೈ ಚಾಚಿ ಮಗಳ ಸೆರಗು ಹಿಡಿದು ಹತ್ತಿರಕ್ಕೆ ಎಳೆದುಕೊಂಡಳು. ಮಗನ ಕಡೆಗೂ ಇನ್ನೊಂದು ಕೈ ಚಾಚಿದಳು. ಅವನು ಬಾಗಿಲಲ್ಲೇ ನಿಂತಿದ್ದ.

*

ಹೊರಗೆ ವ್ಯಾನಿನವನು ಹೇಳಿದ, "ತಲೆ ನನ್ನ ಕಡೆ ಬರ್ಲಿ, ಕಾಲು ಬಾಗಿಲ ಕಡೆ." ಹಾಗೆಯೇ ಮಲಗಿಸಿದರು. ಅಮ್ಮ ಮುಂದೆ, ವ್ಯಾನಿನವನ ಪಕ್ಕ ಕೂತಳು. ಹಿಂದೆ ಎರಡೂ ಬದಿಗೆ ಉದ್ದನೆಯ ಬೆಂಚು. ಮಗಳು ಹತ್ತಿ ಎತ್ತ ಕೂರಬೇಕೆಂದು ತಿಳಿಯದೆ ನಿಂತಳು.

"ಈ ಕಡೆ ಕೂತ್ಕೋಮ್ಮ," ಎಂದ ಮಾಮ, ವ್ಯಾನಿನ ಎಡಗಡೆಯ ಬೆಂಚು ತೋರಿಸಿ. ಅವಳು ಅನುಮಾನಿಸಿದಳು. "ತಲೆ ಮುಂದೆ ಇಟ್ಟಿದೀವಲ್ಲ. ಮಲಗಿರೋರಿಗೆ ಇದು ಬಲಗಡೆ."

ಅವಳು ಕೂತಳು. ಅಪ್ಪನ ಬಲಗೈ ಅವಳ ಮೊಣಕಾಲಿಗೆ ತಾಗುವಷ್ಟು ಹತ್ತಿರವಿತ್ತು. ಅಣ್ಣ ಕೊನೆಗೆ ಹತ್ತಿದ. ಜಾಗವಿಲ್ಲವೆಂದಿದ್ದ ವ್ಯಾನಿನಲ್ಲಿ ಇನ್ನೂ ಇಬ್ಬರಿಗೆ ಜಾಗವಿತ್ತು. ಅವಳ ಪಕ್ಕ ಕೂರಬಹುದಿತ್ತು. ಕೂರಲಿಲ್ಲ. ದಾಟಿ ಹೋಗಿ ಎದುರಿನ ಬೆಂಚಿನಲ್ಲಿ, ಅಪ್ಪನ ಎಡಗೈ ಪಕ್ಕ ಕೂತ.

ಮಾಮ ತಾನೂ ಹತ್ತಿ ಹಿಂಬಾಗಿಲ ಬಳಿ ನಿಂತು ವಿಶಲ್ ಊದಿದ. ವ್ಯಾನು ಸಂದಿ ದಾಟಿ ದೊಡ್ಡ ಬೀದಿಗೆ ಬಂತು.

ಡಿಪೋ ಗೇಟು ಹೋಯಿತು. ಒಂದು ಬದಿಗೆ ಹಿಟ್ಟಿನ ಗಿರಣಿ, ಇನ್ನೊಂದು ಬದಿಗೆ ಪೋಸ್ಟಾಫೀಸು. ಸೊಟ್ಟ ಬೋರ್ಡಿನ ಕನ್ನಡಕದ ಅಂಗಡಿ, ಎದುರಿಗೆ ನೀರಿನ ಟ್ಯಾಂಕು. ಶಾಲೆಯ ಮುಂದೆ ಹುಡುಗಿಯರು ದಾರಿ ಬಿಟ್ಟು ನಿಂತರು. ಬ್ಯಾಟರಿ ಅಂಗಡಿಯ ಬಾಗಿಲು ಮುಚ್ಚಿತ್ತು. ಅಣ್ಣ ಕತ್ತು ತಿರುಗಿಸಿ ಅದನ್ನು ನೋಡಿದ. ಅವಳೂ ನೋಡಿದಳು.

ಅಣ್ಣ ಎದ್ದ. ಬಗ್ಗಿಕೊಂಡೇ ಮುಂದೆ ಹೋಗಿ ಡ್ರೈವರನ ಹಿಂದಿನ ತಗಡನ್ನು ತಟ್ಟಿದ.

"ಇಲ್ಲಿ ಸ್ವಲ್ಪ ನಿಧಾನ."

"ಇಲ್ಲಿ ಸ್ಟಾಪಿದ್ಯಾ ಸಾರ್?"

"ಇಲ್ಲ. ನಿಧಾನ ಮಾಡು."

ವ್ಯಾನಿನವನು ಗೇರು ಇಳಿಸಿದ. ಬೆಳಿಗ್ಗೆ ಎದ್ದು ಬರುವ ಗಡಿಬಿಡಿಯಲ್ಲಿ ಅವಳು ಅಂಗಡಿಯ ಬಾಗಿಲೇ ಹಾಕಿರಲಿಲ್ಲ. ಹೊಸ್ತಿಲ ಹತ್ತಿರ ಮಿಷನ್ ಹಾಗೇ ಇತ್ತು. ಅದರ ಮುಂದೆ ಅವಳ ಸ್ಟೂಲು ಖಾಲಿಯಿತ್ತು. ಸೂಜಿಯ ಕೆಳಗೆ ಯಾರದೋ ಪ್ರಯಾಣದ ಬ್ಯಾಗು, ಅರ್ಧ ಹೊಲಿದ ಜಿಪ್ಪು ಬಾಯಿ ತೆರೆದುಕೊಂಡು ನೇತಾಡುತ್ತಿತ್ತು. ಅವಳು ಅಪ್ಪನ ಬಲಗೈ ಹಿಡಿಯಲಿಲ್ಲ. ತಲೆ ಎತ್ತಿ, ಅವನ ಮುಖವನ್ನೇ ನೋಡುತ್ತ ಕೂತಳು.

ಹಿಂದೆ ಸಾಲುಗಟ್ಟಿದ ಗಾಡಿಗಳು ಹಾರನ್ ಹೊಡೆಯತೊಡಗಿದವು. ಮಾಮ ವಿಶಲನ್ನು ಬಾಯಿಗಿಟ್ಟುಕೊಂಡ. ಊದಲಿಲ್ಲ.